ನಾಲ್ಕನೇ ಪಾಠ

ಭವ್ಯಾಗೆ ಮಾತು ಹೆಚ್ಚು ಎಂದು ಹೇಳದವರಿರಲಿಲ್ಲ. ಸಾಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ ಗಂಟೆ ಹೊಡೆದರೂ ಅವಳ ಪಾಠ ಮುಗಿಯುತ್ತಿರಲಿಲ್ಲ. ಹುಡುಗರು ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ನೋಡುತ್ತಿದ್ದರೂ ಇವಳು ‘ಇನ್ನೊಂದೇ ಮಾತು’ ಎನ್ನುತ್ತಿದ್ದಳು. ಅತಿಥಿಗಳನ್ನು ಯಾರು ತಾನೇ ಬಹಳ ದಿನ ಇಟ್ಟುಕೊಳ್ಳುತ್ತಾರೆ? ಒಂದು ಜೂನ್‌ನಲ್ಲಿ ಕರೆ ಬರಲೇ ಇಲ್ಲ. ಆಮೇಲೆ ಸಿಕ್ಕಿದ್ದು ಹೊಸನಗರದಿಂದ ನಗರವೆಂಬ ಊರಿಗೆ ಹೋಗುವ ದಾರಿಯಲ್ಲಿದ್ದ ರಬ್ಬರ್ ಎಸ್ಟೇಟಿನ ಕೆಲಸ. ಕೆಲಸಗಾರರಿಗೆ ತರಬೇತಿ ಕೊಡುವುದು, ಅದೂ ಮೊಬೈಲಿನಲ್ಲಿ, ವಾರಕ್ಕೊಂದು ಪಾಠ, ಪಾಠಕ್ಕೆ ಒಂದೂವರೆ ನಿಮಿಷ. ಮಾತಿನ ಮಲ್ಲಿಗೆ ದೇವರು ಒಳ್ಳೆಯ ಕೆಲಸವನ್ನೇ ಹುಡುಕಿಕೊಟ್ಟಿದ್ದ.

ಎಸ್ಟೇಟಿನ ಮ್ಯಾನೇಜರ್ ಹರ್ಷವರ್ಧನ ತೀರ್ಥಹಳ್ಳಿಯವನು. ಕೆಟ್ಟವನಲ್ಲ. ಕೂಲಿ ತಡಮಾಡಿದವನಲ್ಲ, ಹೆಂಗಸರ ಮುಂದೆ ದನಿ ಎತ್ತರಿಸಿದವನಲ್ಲ. ಮೊದಲ ದಿನವೇ ಅವನು ಅವಳಿಗೆ ಹೇಳಿದ್ದ: “ನೋಡಿ ಭವ್ಯಾ, ಉದ್ದ ಹೇಳಿದ್ರೆ ಯಾರೂ ಕೇಳಲ್ಲ. ಒಂದು ಪಾಠಕ್ಕೆ ಒಂದೇ ಮಾತು. ಎರಡನೇದು ಸೇರಿಸಿದ್ರೆ ಮೊದಲನೇದೂ ಮರ್ತುಹೋಗ್ತದೆ.”

ಅವನ ಮಾತು ಸುಳ್ಳಾಗಿರಲಿಲ್ಲ, ಅದೇ ಕಷ್ಟ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಆಸಿಡ್ ಬೆರೆಸುವ ಶೆಡ್ಡಿನಲ್ಲಿ ಹಿಂದೆಲ್ಲ ಆಗಾಗ ಒಬ್ಬರಲ್ಲ ಒಬ್ಬರು ಕೈ ಸುಟ್ಟುಕೊಳ್ಳುತ್ತಿದ್ದರು. ಭವ್ಯಾ ಒಂದು ಪಾಠ ಮಾಡಿದಳು: ಆಸಿಡ್ಡಿಗೆ ನೀರು ಹಾಕಬೇಡಿ, ನೀರಿಗೆ ಆಸಿಡ್ ಹಾಕಿ. ಅಷ್ಟೇ. ಆಮೇಲೆ ಆ ಶೆಡ್ಡಿನಲ್ಲಿ ಒಂದು ಬೆರಳೂ ಸುಡಲಿಲ್ಲ. ಹಾಲಿಳಿಸಲು ಮರದ ತೊಗಟೆ ಕೆತ್ತುವ ಟ್ಯಾಪಿಂಗ್ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬೇಡಿ ಎಂದಳು, ಎಲ್ಲರೂ ಬುಟ್ಟಿಯಲ್ಲಿಡತೊಡಗಿದರು. ಬೆಳಗ್ಗೆ ಹಾಜರಿ ಕೊಡುವ ಶೆಡ್ಡಿನಲ್ಲಿ ಮಾತ್ರ ವೈಫೈ ಇತ್ತು. ಸೋಮವಾರ ಅಲ್ಲಿಗೆ ಬಂದವರ ಮೊಬೈಲಿನಲ್ಲಿ ಪಾಠ ತಾನಾಗಿ ಇಳಿಯುತ್ತಿತ್ತು, ಕೊನೆಯಲ್ಲಿ ಒಂದು ಪ್ರಶ್ನೆ ಬರುತ್ತಿತ್ತು. ಸರಿಯುತ್ತರ ಒತ್ತಿದರೆ ಹಸಿರು ಹೂವೊಂದು ಅರಳುತ್ತಿತ್ತು.

ಈ ಹೂವು ಅರಳಿಸುವುದರಲ್ಲಿ ಹುಲಿಯಮ್ಮನ ಗುಂಪನ್ನು ಮೀರಿಸಿದವರಿರಲಿಲ್ಲ. ಹುಲಿಯಮ್ಮ ಐವತ್ತು ದಾಟಿದ ಹೆಂಗಸು, ಗಂಡ ಸತ್ತ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿದವಳು. ಎಸ್ಟೇಟಿನ ಕೆಳಗಿನ ಹಳ್ಳದ ಪಕ್ಕ, ಕಾಡಿಗೆ ಬೆನ್ನು ಕೊಟ್ಟು ಕೂತ ಕೇರಿಯಲ್ಲಿ ಅವಳ ಮನೆ. ಅವಳ ಹತ್ತಿರ ಮೊಬೈಲ್ ಇರಲಿಲ್ಲ. ಮಗಳು ಬಿಂದುವಿನ ಮೊಬೈಲಿನಲ್ಲೇ ಪಾಠ ನೋಡುತ್ತಿದ್ದಳು. ಬಿಂದು ಕೂಡ ಅಲ್ಲೇ ಟ್ಯಾಪಿಂಗ್ ಮಾಡುತ್ತಿದ್ದಳು. ತೊಗಟೆಯನ್ನು ಅವಳಷ್ಟು ತೆಳ್ಳಗೆ ಎತ್ತುವವರು ಗಂಡಸರಲ್ಲೂ ಇಲ್ಲವೆಂದು ಮೇಸ್ತ್ರಿ ಕೆರಿಯಪ್ಪನೇ ಹೇಳುತ್ತಿದ್ದ. ತಾಯಿ ಉತ್ತರ ಹೇಳುವುದು, ಮಗಳು ಒತ್ತುವುದು, ಇಬ್ಬರೂ ಹೂವು ನೋಡಿ ನಗುವುದು.

“ಭವ್ಯಮ್ಮ ಹೇಳಿದ್ ಮೇಲೆ ಮುಗೀತು. ಅವ್ರು ಒಂದು ಮಾತು ಹೆಚ್ಚಿಗೆ ಆಡದಿಲ್ಲ, ಒಂದು ಮಾತು ಕಡ್ಮೆ ಆಡದಿಲ್ಲ” ಎನ್ನುತ್ತಿದ್ದಳು ಹುಲಿಯಮ್ಮ. ಸಾಗರದ ಹುಡುಗರು ಇದನ್ನು ಕೇಳಿದ್ದರೆ ಬಿದ್ದುಬಿದ್ದು ನಗುತ್ತಿದ್ದರು. ಭವ್ಯಾಗೆ ಮಾತ್ರ ಈ ಹೊಗಳಿಕೆ ಹಾಲು ಕುಡಿದಷ್ಟು ಸಂತೋಷ ಕೊಡುತ್ತಿತ್ತು.

ಡಿಸೆಂಬರ್ ಬರುತ್ತಿದ್ದಂತೆ ಈ ಕಡೆಯ ಜನಕ್ಕೆ ಮಂಗನ ಕಾಯಿಲೆಯ ಭಯ ಶುರುವಾಗುತ್ತದೆ. ಕಾಡಿನ ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳ ಕಚ್ಚಿ ಬರುವ ಜ್ವರ, ಮಂಗಗಳೂ ಅದರಿಂದಲೇ ಸಾಯುತ್ತವೆ. ಇದಕ್ಕೆಂದೇ ಮದ್ದಿಲ್ಲ, ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ಆರೋಗ್ಯ ಇಲಾಖೆಯ ಹಿರಿಯ ಡಾಕ್ಟರೊಬ್ಬರು ಎಸ್ಟೇಟಿಗೆ ಬಂದು ಒಂದು ಗಂಟೆ ಮಾತಾಡಿದರು. ಪಾಪ, ಎಲ್ಲವನ್ನೂ ಬಿಡಿಸಿ ಹೇಳಿದರು. ಆದರೆ ನಸುಕಿಗೆ ಎದ್ದು ಮರ ಕೆತ್ತಿ ಬಂದವರು ಮಧ್ಯಾಹ್ನ ಉಂಡು ಕೂತರೆ ನಿದ್ದೆ ಬಾರದೇ ಇರುತ್ತದೆಯೇ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಎಚ್ಚರವಿದ್ದು ಕೇಳಿದವಳು ಭವ್ಯಾ ಒಬ್ಬಳೇ. ಡಾಕ್ಟರ ಮಾತನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಐದು ತುಂಡು ಮಾಡಿದಳು. ಮೊದಲನೆಯದು, ಕೆಲಸಕ್ಕೆ ಹೊರಡುವಾಗ ಕೈಕಾಲಿಗೆ ಇಲಾಖೆಯವರು ಕೊಟ್ಟ ಎಣ್ಣೆ ಹಚ್ಚಿಕೊಳ್ಳುವುದು. ಎರಡನೆಯದು, ಕೆಲಸದಿಂದ ಬಂದು ಬಿಸಿನೀರು ಸ್ನಾನ. ಮೂರನೆಯದು, ಜ್ವರ ಬಂದರೆ ಆಸ್ಪತ್ರೆ. ನಾಲ್ಕನೆಯದು, ಮಂಗ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿ, ಆಫೀಸಿಗೆ ತಿಳಿಸಿ. ಐದನೆಯದು ಮಂಗ ಬಿದ್ದ ಜಾಗದ ವಿಷಯ, ಮುಂದಿನ ಸೋಮವಾರಕ್ಕೆ. ನಾಲ್ಕನೆಯದರ ಜೊತೆಗೇ ಅದನ್ನೂ ಹೇಳಿಬಿಡೋಣವೆಂದು ಒಮ್ಮೆ ಅನ್ನಿಸಿತ್ತು. ಅಳೆದು ನೋಡಿದಳು, ಎರಡು ನಿಮಿಷ ಆಗುತ್ತಿತ್ತು. ಕತ್ತರಿಸಿದಳು.

ನಾಲ್ಕನೇ ಪಾಠ ಕಳಿಸಿದ ಸೋಮವಾರ ಎಲ್ಲರ ಮೊಬೈಲಿನಲ್ಲೂ ಹೂವು ಅರಳಿತು. ಬುಧವಾರ ಹಳ್ಳದ ಮೇಲಿನ ಮರಗಳ ಸಾಲಿನಲ್ಲಿ ಕಪ್ಪು ಮೋರೆಯ ಮುಸಿಯ ಮಂಗವೊಂದು ಸತ್ತು ಬಿದ್ದಿತ್ತು.

ಮಂಗ ಸತ್ತರೆ ನಮ್ಮ ಜನ ಅದನ್ನು ನಾಯಿ ಸತ್ತ ಹಾಗೆ ಕಾಣುವುದಿಲ್ಲ. ಅದು ಹನುಮಂತನ ದೇಹ. ಮೈ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಕೂರಿಸಿ ಮಣ್ಣು ಮಾಡಬೇಕು. ಮೂರನೇ ದಿನ ಹಾಲುತುಪ್ಪ ಬಿಡಬೇಕು. ಹಾಗೇ ಬಿಟ್ಟರೆ ಊರಿಗೆ ಒಳ್ಳೆಯದಲ್ಲ ಎಂದು ಹುಲಿಯಮ್ಮನ ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಒಂದೂವರೆ ನಿಮಿಷದ ಪಾಠಕ್ಕೆ ಇದು ಹೇಗೆ ಗೊತ್ತಿರಬೇಕು? ಸಾಗರ ಸೀಮೆಯಲ್ಲೇ ಹುಟ್ಟಿದ ಭವ್ಯಾಗೆ ಗೊತ್ತಿರಬೇಕಿತ್ತು. ಹೊಳೆಯಲಿಲ್ಲ.

ಅಂದು ಮಧ್ಯಾಹ್ನ ಕೆರಿಯಪ್ಪ ಹಾಜರಿ ಶೆಡ್ಡಿಗೆ ಬಂದು ಎಸ್ಟೇಟಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಕಳಿಸಿದ. ಬಿಂದು ಅದು ಬಿದ್ದಲ್ಲೇ ತರಗೆಲೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಮುಸಿಯವನ್ನು ಮಡಿಲಲ್ಲಿ ಮಲಗಿಸಿಕೊಂಡು ಅದರ ಮುಖ ಒರೆಸುತ್ತಿದ್ದಳು. ಸುತ್ತ ಹುಲಿಯಮ್ಮ, ಮತ್ತೆ ಏಳೆಂಟು ಹೆಂಗಸರು, ಎಲ್ಲರೂ ಮಿಂದು ತಲೆಗೂದಲು ಇಳಿಬಿಟ್ಟವರು. ಬರಿಗಾಲು. ಒಬ್ಬೊಬ್ಬರ ಕೈಗೂ ಮೊಣಕೈವರೆಗೆ ಕಿತ್ತಳೆ ಬಣ್ಣದ ಗ್ಲೌಸ್, ಆಸಿಡ್ ಶೆಡ್ಡಿನದು. ಕೆಳಗೆ ಕೆರಿಯಪ್ಪನ ಮಾತು: ‘ಪಾಠದಲ್ಲಿ ಹೇಳಿದಂತೆ ಮಾಡಿದ್ದೇವೆ ಮೇಡಂ.’

ಭವ್ಯಾಗೆ ಮೊದಲು ಕಂಡದ್ದು ಗ್ಲೌಸ್. ಆಹಾ, ಹೆಣ ತೊಳೆಯುವಾಗಲೂ ಪಾಠ ಮರೆತಿಲ್ಲವಲ್ಲ ಎಂದು ಎದೆ ಉಬ್ಬಿತು. ಹೆಬ್ಬೆರಳಿನ ಚಿತ್ರ ಒತ್ತಿ ‘ವೆರಿ ಗುಡ್, ಎಲ್ಲರೂ ಗ್ಲೌಸ್ ಹಾಕಿದ್ದೀರಿ’ ಎಂದು ಬರೆದಳು. ಫೋಟೋವನ್ನು ಹರ್ಷವರ್ಧನನಿಗೂ ತೋರಿಸಿದಳು. ಅವನು ಕುರ್ಚಿಯಿಂದ ಎದ್ದೇ ನಿಂತ. “ಇದನ್ನ ಹೆಡ್ಡಾಫೀಸಿಗೆ ಕಳಿಸ್ಲೇಬೇಕು. ಸಣ್ಣ ಪಾಠ ಕೆಲಸ ಮಾಡ್ತದೋ ಇಲ್ವೋ ಅಂತ ಕೇಳ್ತಿದ್ರಲ್ಲ, ನೋಡ್ಲಿ” ಎಂದ. ಕಳಿಸಿಯೂ ಬಿಟ್ಟ.

ಮರುದಿನ ಸಂಜೆ ಐದನೇ ಪಾಠ ಸಿದ್ಧಮಾಡಲು ಭವ್ಯಾ ಡಾಕ್ಟರ ಧ್ವನಿಯನ್ನು ಮತ್ತೆ ಹಚ್ಚಿದಳು. ಡಾಕ್ಟರು ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳುತ್ತಿದ್ದರು. ಮಂಗನ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳೆಲ್ಲ ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಅಪಾಯ ಮಂಗನನ್ನು ಮುಟ್ಟುವುದಕ್ಕಿಂತ ಅದು ಬಿದ್ದ ಜಾಗಕ್ಕೆ ಹೋಗುವುದರಲ್ಲಿ ಹೆಚ್ಚು. ಔಷಧಿ ಹೊಡೆಯುವವರೆಗೆ ಐವತ್ತು ಮೀಟರ್ ಒಳಗೆ ಯಾರೂ ಕಾಲಿಡಬಾರದು.

ಇದು ಅವಳಿಗೆ ಹೊಸದಲ್ಲ. ತಾನೇ ಕೇಳಿದ್ದು, ತಾನೇ ಬೇರೆ ಮಾಡಿ ಇಟ್ಟದ್ದು. ಆದರೆ ಈಗ ಆ ಮಾತಿನ ಹಿಂದೆ ಫೋಟೋ ಕಂಡಿತು. ಬರಿಗಾಲು, ಮಡಿಲು, ಒದ್ದೆ ಕೂದಲು. ಎಣ್ಣೆ ಎಲ್ಲಿ? ದೇವರ ಕೆಲಸಕ್ಕೆ ಆ ಗಬ್ಬು ವಾಸನೆಯ ಎಣ್ಣೆ ಹಚ್ಚಿಕೊಂಡು ಯಾರಾದರೂ ಹೋಗುತ್ತಾರೆಯೇ? ಮಡಿಯಲ್ಲಿ ಮಿಂದು, ಎಣ್ಣೆಯನ್ನೆಲ್ಲ ಉಜ್ಜಿ ತೊಳೆದೇ ಹೋಗಿದ್ದರು. ಕೆಲಸಕ್ಕೆ ಹೊರಡುವಾಗ ಎಣ್ಣೆ ಹಚ್ಚಿ ಎಂದಷ್ಟೇ ಮೊದಲ ಪಾಠ ಹೇಳಿತ್ತು. ಇದು ಕೆಲಸವಲ್ಲವಲ್ಲ.

ಅವಳು ಹರ್ಷವರ್ಧನನ ಕೋಣೆಗೆ ಹೋಗಿ ಹೇಳಿದಳು. ಅವನ ಮುಖವೂ ಸಣ್ಣಗಾಯಿತು. ಆರೋಗ್ಯ ಇಲಾಖೆಗೆ ಫೋನ್ ಮಾಡಿದ. ಬೆಳಗ್ಗೆ ಔಷಧಿ ಹೊಡೆಯಲು ಬರುತ್ತೇವೆ ಎಂದರು. “ಆಗಿದ್ದು ಆಗ್ಹೋಯ್ತು. ಈಗ ಹೋಗಿ ಹೆದರಿಸಿದ್ರೆ ನಾಳೆ ಒಬ್ಬರೂ ಕೆಲಸಕ್ಕೆ ಬರಲ್ಲ. ಕೆರಿಯಪ್ಪನಿಗೆ ಫೋನ್ ಮಾಡಿ, ಆ ಕಡೆ ಹೋಗ್ಬೇಡಿ ಅಂತ ಹೇಳ್ಲಿ ಸಾಕು” ಎಂದ ಹರ್ಷವರ್ಧನ.

ಕೆರಿಯಪ್ಪ ವ್ಯಾಪ್ತಿ ಪ್ರದೇಶದ ಹೊರಗಿದ್ದ. ಕೇರಿಯವರೆಲ್ಲರೂ ಮನೆಗೆ ಹೋದರೆ ವ್ಯಾಪ್ತಿ ಪ್ರದೇಶದ ಹೊರಗೇ. ಭವ್ಯಾಳ ಸ್ಕೂಟರ್ ಹೊರಗೆ ನಿಂತಿತ್ತು. ಕೇರಿಗೆ ಹೋಗುವ ಮಣ್ಣುದಾರಿ ಕೆಟ್ಟದ್ದು, ಕತ್ತಲಾಗುತ್ತಿತ್ತು, ಕಾಡುಕೋಣ ಬರುತ್ತವೆ ಎನ್ನುತ್ತಿದ್ದರು. ಇವೆಲ್ಲ ನಿಜವೇ. ನಾಳೆ ಬೆಳಗ್ಗೆ ಬೇಗ ಬಂದು ಶೆಡ್ಡಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರಾಯಿತು ಎಂದುಕೊಂಡು ಅವಳು ಹೊಸನಗರದ ತನ್ನ ರೂಮಿಗೆ ಹೋದಳು. ಮರುದಿನ ಮೂರನೇ ದಿನವೆಂಬುದು ಅವಳ ತಲೆಗೆ ಹೋಗಲೇ ಇಲ್ಲ.

ಬೆಳಗ್ಗೆ ಶೆಡ್ಡಿನಲ್ಲಿ ಹುಲಿಯಮ್ಮನ ಗುಂಪಿನವರು ಒಬ್ಬರೂ ಇರಲಿಲ್ಲ. “ಹಾಲುತುಪ್ಪ ಅಲ್ದಾ ಮೇಡಂ, ಮುಗ್ಸಿ ಬತ್ತಾರೆ” ಎಂದರು ಉಳಿದವರು. ಭವ್ಯಾ ಸ್ಕೂಟರನ್ನು ಓಡಿಸಿದ ರೀತಿಗೆ ಅದು ಉರುಳದೇ ಉಳಿದದ್ದೇ ಹೆಚ್ಚು. ಹಳ್ಳ ದಾಟಿ ಮೇಲೆ ಹತ್ತಿದರೆ ಮರಗಳ ನಡುವೆ ಗುಡಿಸಿ ಸಾರಿಸಿದ ಜಾಗ, ಅಲ್ಲೊಂದು ಸಣ್ಣ ಮಣ್ಣಿನ ಕಟ್ಟೆ, ಮೇಲೆ ದಾಸವಾಳ. ಸುತ್ತ ತರಗೆಲೆಯ ಮೇಲೆ ಹೆಂಗಸರು ಸಾಲಾಗಿ ಕೂತು ಬಾಳೆ ಎಲೆಯಲ್ಲಿ ಉಣ್ಣುತ್ತಿದ್ದರು. ಬಿಂದು ಬಡಿಸುತ್ತಿದ್ದಳು. ಭವ್ಯಾಳನ್ನು ಕಂಡು ಅವಳಿಗೂ ಒಂದು ಎಲೆ ಹಾಕಲು ಬಗ್ಗಿದಳು.

“ಏಳಿ, ಎಲ್ಲರೂ ಏಳಿ. ಇಲ್ಲಿ ಕೂರ್ಬೇಡಿ” ಎಂದಳು ಭವ್ಯಾ. ಉಸಿರು ಸಿಗುತ್ತಿರಲಿಲ್ಲ. ಉಣ್ಣುವವರನ್ನು ಎಬ್ಬಿಸುವುದು ಎಂಥ ಅಪಶಕುನ. ಹೆಂಗಸರು ಗಾಬರಿಯಿಂದ ಹುಲಿಯಮ್ಮನ ಮುಖ ನೋಡಿದರು. ಹುಲಿಯಮ್ಮ ಒಂದು ಕ್ಷಣವೂ ತಡಮಾಡದೆ ಎದ್ದಳು. ಅವಳು ಎದ್ದದ್ದು ನೋಡಿ ಎಲ್ಲರೂ ಎದ್ದರು. ಭವ್ಯಾ ಉಣುಗಿನ ವಿಷಯ ಹೇಳಿದಳು. ಈಗಲೇ ಹೋಗಿ ಬಿಸಿನೀರು ಸುರಿದುಕೊಳ್ಳಿ, ಬಟ್ಟೆ ಕುದಿಸಿ, ಮೈಯೆಲ್ಲ ಹುಡುಕಿ ನೋಡಿ ಎಂದಳು.

“ಪಾಠದಲ್ಲಿ ಇದು ಇರ್ಲಿಲ್ಲಲ್ಲ ಭವ್ಯಮ್ಮ” ಎಂದಳು ಬಿಂದು. ದೂರಿನ ದನಿಯಲ್ಲ, ತಾನೆಲ್ಲಿ ತಪ್ಪು ಕೇಳಿಸಿಕೊಂಡೆನೋ ಎಂಬ ಅಳುಕು.

“ಇಲ್ಲ, ಇದು ಈಗ ಗೊತ್ತಾಗಿದ್ದು” ಎಂದಳು ಭವ್ಯಾ.

ನಾಲಿಗೆ ತಾನಾಗಿ ಆಡಿದ ಮಾತು. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಅಲ್ಲಿ ಹೊತ್ತಿರಲಿಲ್ಲ. ಹೊತ್ತಿದ್ದರೂ ತೆಗೆದುಕೊಳ್ಳುತ್ತಿದ್ದಳೆಂದು ಹೇಳಲಾರೆ. ಬಿಂದು ಸೆರಗು ಕೊಡವಿದಳು. ಅವಳ ಮೊಣಕಾಲಿನ ಹಿಂದೆ ಎಳ್ಳಿನಷ್ಟು ಸಣ್ಣದೊಂದು ಕಚ್ಚಿಕೊಂಡಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದು ಮಧ್ಯಾಹ್ನವೇ ಐದನೇ ಪಾಠ ಎಲ್ಲರ ಮೊಬೈಲಿಗೂ ಹೋಯಿತು. ಭವ್ಯಾ ದಿನವೂ ಶೆಡ್ಡಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡುವಳು. ಯಾರಾದರೂ ಕೆಮ್ಮಿದರೆ ಅವಳ ಜೀವ ಹಾರುವುದು. ವಾರ ಕಳೆಯುವುದರೊಳಗೆ ಮೂವರಿಗೆ ಜ್ವರ ಬಂತು, ಅವರಲ್ಲಿ ಬಿಂದುವೂ ಒಬ್ಬಳು. ಮೂರನೇ ಪಾಠದಲ್ಲಿ ಹೇಳಿದಂತೆ ಅವರು ಮನೆಮದ್ದು ಮಾಡುತ್ತ ಕೂರಲಿಲ್ಲ, ನೇರ ಆಸ್ಪತ್ರೆಗೆ ಹೋದರು. ರಕ್ತ ಪರೀಕ್ಷೆಯಲ್ಲಿ ಅದೇ ಕಾಯಿಲೆ ಎಂದು ಬಂತು. ಕಣ್ಣು ಕೆಂಡ, ಮೈಕೈ ಮುರಿದು ಹಾಕಿದಂಥ ನೋವು. ಭವ್ಯಾ ಆಸ್ಪತ್ರೆಗೆ ಎಳನೀರು ಹೊತ್ತಳು, ದಾಳಿಂಬೆ ಹೊತ್ತಳು. ಇಷ್ಟು ದಿನ ದೇವರಿಗೆ ಕೈ ಮುಗಿಯದವಳು ದಾರಿಯ ಗುಡಿಗಳಿಗೆಲ್ಲ ಮುಗಿದಳು.

ಆಮೇಲೆ ಜ್ವರ ಬಿಟ್ಟಿತು, ಮೂವರಿಗೂ. ಬಿಂದು ಮನೆಗೆ ಬಂದು ಗಂಜಿ ಕುಡಿದಳು, ಅಂಗಳದಲ್ಲಿ ಬಿಸಿಲು ಕಾಯಿಸಿಕೊಂಡಳು, ಕತ್ತಿಗೆ ತುಕ್ಕು ಹಿಡಿದೀತೆಂದು ಕೆರಿಯಪ್ಪನಿಗೆ ಹೇಳಿಕಳಿಸಿದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಭವ್ಯಾಗೆ ಹಾಗಾಯಿತು. ಅಂದು ಅವಳು ರೂಮಿನಲ್ಲಿ ಕೂತು ಮನಸೋ ಇಚ್ಛೆ ಅತ್ತಳು. ಆ ಸುಳ್ಳನ್ನು ಇನ್ನು ಹೇಳಿಕೊಳ್ಳುವ ಅಗತ್ಯವೂ ಇಲ್ಲ ಎಂದುಕೊಂಡಳು.

ಈ ಕಾಯಿಲೆ ಕೆಲವರ ಮೇಲೆ ಎರಡು ಸಲ ಬೀಳುತ್ತದೆ. ಡಾಕ್ಟರು ಅದನ್ನೂ ಹೇಳಿದ್ದರು. ಬಿಂದು ಒಂದು ಬೆಳಗ್ಗೆ ತಲೆ ಎತ್ತಲಾರದೆ ಮಲಗಿದಳು. ಮಧ್ಯಾಹ್ನದ ಹೊತ್ತಿಗೆ ತಾಯಿಯ ಗುರುತೂ ಸಿಗದಾಯಿತು, ಕೈಗಳು ನಡುಗತೊಡಗಿದವು. ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಕರೆದೊಯ್ದರು. ಖರ್ಚನ್ನೆಲ್ಲ ಕಂಪನಿ ನೋಡಿಕೊಂಡಿತು, ಹರ್ಷವರ್ಧನ ತಾನೇ ಹೋಗಿ ನಿಂತಿದ್ದ. ಏನು ಮಾಡಿದರೂ ಹುಡುಗಿ ಉಳಿಯಲಿಲ್ಲ. ಊರಿಗೆ ತಂದಾಗ ಅವಳ ತೆಳ್ಳನೆಯ ಬೆರಳುಗಳು ಏನನ್ನೋ ಹಿಡಿದಂತೆ ಮಡಚಿಕೊಂಡೇ ಇದ್ದವು. ಹುಲಿಯಮ್ಮ ಅವನ್ನು ಒಂದೊಂದಾಗಿ ಬಿಡಿಸಲು ನೋಡಿ, ಆಗದೆ ಬಿಟ್ಟಳು.

ಬಿಂದುವಿನ ಕಾರ್ಯಗಳೆಲ್ಲ ಮುಗಿದ ಮೇಲೆ ಹರ್ಷವರ್ಧನ ಭವ್ಯಾಳನ್ನು ಕರೆದ. ಅವನೂ ಸೊರಗಿದ್ದ. “ಹೆಡ್ಡಾಫೀಸಿನವರು ಒಂದು ಹೊಸ ಪಾಠ ಮಾಡಿ ಅಂತಿದ್ದಾರೆ. ತಾಯಿ ಬಾಯಲ್ಲೇ ಹೇಳ್ಸಿದ್ರೆ ಜನಕ್ಕೆ ನಾಟ್ತದೆ ಅಂತೆ. ಸತ್ತ ಮಂಗನ ಹತ್ರ ಹೋಗ್ಬೇಡಿ, ಇಷ್ಟೇ. ಅರ್ಧ ನಿಮಿಷ ಸಾಕು.” ಭವ್ಯಾ ಬೇಡ ಎನ್ನಲಿಲ್ಲ. ಬೇಡ ಎನ್ನಲು ತನಗೆ ಯಾವ ಮುಖವಿದೆ ಎಂದುಕೊಂಡಳೋ ಏನೋ.

ಹುಲಿಯಮ್ಮ ಜಗುಲಿಯಲ್ಲಿ ಕೂತಿದ್ದಳು. ಪಕ್ಕದ ಮನೆಯ ದುರ್ಗಮ್ಮ ಜೊತೆಗಿದ್ದಳು. ಭವ್ಯಾಳನ್ನು ಕಂಡು ದುರ್ಗಮ್ಮನ ಮುಖ ಗಂಟಾಯಿತು. “ಇವ್ರ ಪಾಠ ಕೇಳ್ಕಂಡೇ ಅಲ್ದಾ ಇಷ್ಟೆಲ್ಲ ಆಗಿದ್ದು” ಎಂದಳು, ಕೇಳಿಸಲೆಂದೇ.

“ಸುಮ್ನಿರೇ ದುರ್ಗಿ” ಎಂದಳು ಹುಲಿಯಮ್ಮ. “ಅವ್ರಿಗೆ ಗೊತ್ತಾದ್ ಕೂಡ್ಲೆ ಎದ್ದುಬಿದ್ದು ಓಡಿ ಬಂದು ಹೇಳಿದ್ರು. ಉಣ್ಣೋರನ್ನ ಎಬ್ಬಿಸಿದ್ರು ಅಂತ ನೀವೆಲ್ಲ ಆಡ್ಕಂಡ್ರಿ. ಆ ಹುಡ್ಗಿ ಎಂತ ಮಾಡ್ತದೆ, ಗೊತ್ತಿಲ್ದಿದ್ದನ್ನ ಹೇಳಕ್ಕಾಗ್ತದಾ?” ಭವ್ಯಾಳ ಕಡೆ ತಿರುಗಿ, “ಬನ್ನಿ ಭವ್ಯಮ್ಮ, ಕೂತ್ಕಳಿ. ಕೆರಿಯಪ್ಪ ಹೇಳ್ದ. ನಾ ಎಂತ ಹೇಳ್ಬೇಕು ಅಂತ ಹೇಳಿಕೊಡಿ, ಹೇಳ್ತೀನಿ. ಮತ್ತೊಬ್ರ ಮನೆ ಮಕ್ಳಾದ್ರೂ ಉಳೀಲಿ.”

ಭವ್ಯಾ ಮೊಬೈಲನ್ನು ಚೀಲದಿಂದ ತೆಗೆದಳು. ಹುಲಿಯಮ್ಮ ಸೆರಗು ಸರಿಮಾಡಿಕೊಂಡು, ಕೂದಲನ್ನು ಅಂಗೈಯಿಂದ ತೀಡಿಕೊಂಡು, ಪಾಠ ಕೇಳುವಾಗ ಕೂರುತ್ತಿದ್ದಂತೆ ನೆಟ್ಟಗೆ ಕೂತಳು. ಭವ್ಯಾಳ ಕೈ ಮೇಲೇಳಲಿಲ್ಲ. ದುರ್ಗಮ್ಮನ ಬೈಗುಳ ಕೇಳಿಕೊಂಡು ಎದ್ದುಹೋಗಬಹುದಿತ್ತು. ಈ ನಂಬಿಕೆಯ ಎದುರು ಕೂರುವುದು ಅವಳಿಂದಾಗಲಿಲ್ಲ.

“ನಂಗೆ ಗೊತ್ತಿತ್ತು ಹುಲಿಯಮ್ಮ” ಎಂದಳು. “ಮೊದ್ಲೇ ಗೊತ್ತಿತ್ತು. ಡಾಕ್ಟ್ರು ಹೇಳಿದ್ರು. ಅವತ್ತು ನಾ ಸುಳ್ಳು ಹೇಳ್ದೆ.”

ದುರ್ಗಮ್ಮ ಬಾಯಿ ತೆರೆದಳು. ಹುಲಿಯಮ್ಮ ಅವಳ ಕಡೆ ಕೈ ಎತ್ತಿ ತಡೆದಳು. ಭವ್ಯಾಳನ್ನೇ ನೋಡಿದಳು. ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವರು ಮೊದಲಿನಿಂದ ಕೂಡಿಸಿ ನೋಡುವಂಥ ನೋಟ.

“ಗೊತ್ತಿದ್ರೆ ಮತ್ಯಾಕೆ ಹೇಳ್ಲಿಲ್ಲ?”

“ಪಾಠ ಉದ್ದ ಆಗ್ತಿತ್ತು.”

“ಎಷ್ಟುದ್ದ ಆಗ್ತಿತ್ತು?”

ಭವ್ಯಾ ಮೊಬೈಲನ್ನು ಚೀಲದೊಳಗೆ ಹಾಕಿದಳು.

“ಹೇಳಿ ಭವ್ಯಮ್ಮ. ಹೇಳದೇ ಬಿಟ್ಟಿದ್ದು ಈಗ ಹೇಳಿ. ನಂಗೆ ಈಗ ಬೇರೆ ಕೆಲ್ಸ ಇಲ್ಲ, ಎಷ್ಟೊತ್ತಾದ್ರೂ ಕೇಳ್ತೀನಿ.”

ಭವ್ಯಾ ಹೇಳಿದಳು. “ಮಂಗ ಸತ್ತ ಜಾಗದಿಂದ ಐವತ್ತು ಮೀಟರ್ ಒಳಗೆ ಯಾರೂ ಹೋಗ್ಬಾರ್ದು. ಅದರ ಮೈಮೇಲಿನ ಉಣುಗು ಇಳಿದು ಸುತ್ತಲಿನ ತರಗೆಲೆಯಲ್ಲಿ ಕೂತಿರ್ತದೆ.”

ಹುಲಿಯಮ್ಮ ತಲೆಯಾಡಿಸಿ ಮುಂದಿನದಕ್ಕೆ ಕಾದಳು. ಕಾದೇ ಕಾದಳು.

“ಮತ್ತೆ?” ಎಂದಳು.

“ಅಷ್ಟೇ.”

ಹುಲಿಯಮ್ಮ ಆ ಮಾತನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡಳು, ಪಾಠ ಒಪ್ಪಿಸುವವರ ಹಾಗೆ, ತುಟಿ ಮಾತ್ರ ಆಡಿತು. ಒಂದು ಉಸಿರಿಗೆ ಮುಗಿಯಿತು.

“ಇಷ್ಟು ಹೇಳಿದ್ರೆ ಬಿಂದು ಕೇಳ್ತಿದ್ಲು” ಎಂದಳು.